ಅದೇ ಹುಲ್ಲು, ಅದೇ ಹೊಲ, ಎಣ್ಣೆ ಮಾತ್ರ ಬೇರೆ: ಕೊಯ್ಲಿನ ತಿಂಗಳಿನ ಲೆಕ್ಕ

ಚಿಂಚೋಳಿ ತಾಲ್ಲೂಕಿನ ಚಂದಾಪುರದಿಂದ ಮಾತಾಡ್ತಿದ್ದೀನಿ. ತೊಗರಿ ಜೊತೆಗೆ ಬೇರೆ ಏನಾದರೂ ಹಾಕೋಣ ಅನ್ನೋರು ಈಗ ಮಜ್ಜಿಗೆ ಹುಲ್ಲು, ತುಳಸಿ, ಶ್ರೀಗಂಧದ ಬಗ್ಗೆ ವಿಚಾರಿಸ್ತಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ: "ಎಕರೆಗೆ ಎಷ್ಟು ಎಣ್ಣೆ ಬರ್ತದ?" ನಾನು ಓದಿದ್ದು ಬಿ.ಕಾಂ., ಸಸ್ಯಶಾಸ್ತ್ರ ಅಲ್ಲ. ಆದ್ರೆ ಈ ಪ್ರಶ್ನೆ ಅರ್ಧ ಲೆಕ್ಕದ್ದೇ ಅದ, ಅದಕ್ಕೇ ಇವತ್ತು ಈ ವಿಷಯ.

ಮೊದಲು ಎಣ್ಣೆ ಎಲ್ಲಿರ್ತದೆ ನೋಡೋಣ. ತುಳಸಿ ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳಿವೆ. ಎಲೆ ಮುಟ್ಟಿದರೆ ಬೆರಳಿಗೆ ವಾಸನೆ ಹತ್ತೋದು ಅವು ಒಡೆಯೋದರಿಂದ. ಮಜ್ಜಿಗೆ ಹುಲ್ಲಿನಲ್ಲಿ ಎಣ್ಣೆ ಎಲೆಯ ಒಳಗಿನ ಜೀವಕೋಶಗಳಲ್ಲಿ ಇರ್ತದೆ. ಇದನ್ನ ಗಿಡ ನಮಗೋಸ್ಕರ ಮಾಡೋದಿಲ್ಲ. ಹುಳ, ಶಿಲೀಂಧ್ರಗಳಿಂದ ತನ್ನನ್ನ ಕಾಪಾಡಿಕೊಳ್ಳೋಕೆ ಮಾಡ್ತದೆ. ಹಾಗಾಗಿ ಬಿಸಿಲು, ನೀರು, ಎಲೆಯ ವಯಸ್ಸು ಬದಲಾದಂತೆ ಎಣ್ಣೆಯೂ ಬದಲಾಗ್ತದೆ.

ಮಳೆಗಾಲದಲ್ಲಿ ಹುಲ್ಲು ಸೊಂಪಾಗಿ ಬೆಳೀತದೆ, ಆದ್ರೆ ಎಲೆ ತುಂಬ ನೀರು. ಮೋಡ ಕವಿದ ದಿನಗಳಲ್ಲಿ ಎಣ್ಣೆಯ ಪ್ರಮಾಣ ಇಳೀತದೆ. ಒಣ ಹವೆ, ಒಳ್ಳೆ ಬಿಸಿಲು ಇದ್ದಾಗ ಹುಲ್ಲು ಕಡಿಮೆ, ಎಣ್ಣೆಯ ಶೇಕಡಾವಾರು ಜಾಸ್ತಿ.

ಈಗ ಲೆಕ್ಕ. ಇದು ಬರೀ ಉದಾಹರಣೆ, ನಿಮ್ಮ ಹೊಲದ ಅಂಕಿ ಬೇರೆ ಇರಬಹುದು. ಮಳೆಗಾಲದ ಒಂದು ಕೊಯ್ಲಿಗೆ 6 ಟನ್ ಹುಲ್ಲು, ಶೇ. 0.3 ಎಣ್ಣೆ ಅಂತ ಹಿಡೀರಿ: 18 ಕಿಲೋ. ಒಣ ಹವೆಯಲ್ಲಿ 3 ಟನ್, ಶೇ. 0.5: 15 ಕಿಲೋ. ಮಳೆಗಾಲವೇ ಲಾಭ ಅನ್ನಿಸ್ತದೆ, ಅಲ್ವಾ? ತಡೀರಿ. ಭಟ್ಟಿಗೆ ಒಂದು ಸಲಕ್ಕೆ ಒಂದು ಟನ್ ಹಿಡಿದರೆ, ಆ 18 ಕಿಲೋಗೆ ಆರು ಸಲ ಬೆಂಕಿ ಹಾಕ್ಬೇಕು. 15 ಕಿಲೋಗೆ ಮೂರೇ ಸಲ. ಕಟ್ಟಿಗೆ, ನೀರು, ಕೂಲಿ ಎಲ್ಲ ದುಪ್ಪಟ್ಟು. ಮೂರು ಕಿಲೋ ಹೆಚ್ಚಿನ ಎಣ್ಣೆಯ ಬೆಲೆ ಆ ಖರ್ಚನ್ನ ತುಂಬ್ತದಾ? ಅದನ್ನ ನೋಡ್ರಿ. ಹಸಿ ಹುಲ್ಲನ್ನೇ ತೂಕದ ಮೇಲೆ ಮಾರೋರಿಗೆ ಮಾತ್ರ ಮಳೆಗಾಲ ಖಂಡಿತ ಲಾಭ. ಕೊಯ್ದ ಹುಲ್ಲನ್ನ ಒಂದು ದಿನ ಬಾಡಿಸಿ ಭಟ್ಟಿಗೆ ಹಾಕೋದೂ ಇದಕ್ಕೇ: ನೀರಿನಂಶ ಇಳಿದು ಒಂದೇ ಸಲಕ್ಕೆ ಹೆಚ್ಚು ಹುಲ್ಲು ಹಿಡೀತದೆ.

ಎಣ್ಣೆ ಎಷ್ಟು ಅನ್ನೋದಷ್ಟೇ ಅಲ್ಲ, ಎಂಥಾದ್ದು ಅನ್ನೋದೂ ಬದಲಾಗ್ತದೆ. ಪುದೀನ ಜಾತಿಯ ಮೆಂಥಾದಲ್ಲಿ ಎಳೆ ಎಲೆಯಲ್ಲಿ ಮೆಂಥೋನ್ ಹೆಚ್ಚು. ಎಲೆ ಬಲಿತಂತೆ ಅದು ಮೆಂಥಾಲ್ ಆಗ್ತದೆ. ದುಡ್ಡು ಬರೋದು ಮೆಂಥಾಲ್‌ಗೆ. ಉತ್ತರ ಪ್ರದೇಶದ ಬಾರಾಬಂಕಿ ಕಡೆಯ ರೈತರು ಎಲೆ ಬಲಿಯೋವರೆಗೆ ಕಾಯ್ತಾರೆ, ಆದ್ರೆ ಮುಂಗಾರು ಹಿಡಿಯೋದರೊಳಗೆ ಕೊಯ್ದು ಮುಗಿಸೋಕೆ ನೋಡ್ತಾರೆ.

ಇನ್ನು ಹುಟ್ಟಿದ ಊರು. ಇದನ್ನ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿ.ಐ. ಟ್ಯಾಗ್ ಸಿಕ್ಕಿದ್ದೇ ಮಣ್ಣಿನ ಗುಣ ನಂಬಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆ ಸುಣ್ಣಕಲ್ಲು, ಕಪ್ಪು ಮಣ್ಣು. ಚಿಂಚೋಳಿ ಗುಡ್ಡಕ್ಕೆ ಬಂದರೆ ಕೆಂಪು ಜಂಬಿಟ್ಟಿಗೆ. ಒಂದೇ ಗಿಡ ಎರಡೂ ಕಡೆ ಒಂದೇ ಥರ ಇರೋದಿಲ್ಲ.

ಆದ್ರೆ ಮಣ್ಣಿಗಿಂತ ಮೊದಲು ತಳಿ. ನೋಡೋಕೆ ಒಂದೇ ಥರದ ತುಳಸಿಯಲ್ಲೇ ಒಂದರಲ್ಲಿ ಯೂಜಿನಾಲ್ ಜಾಸ್ತಿ, ಇನ್ನೊಂದರಲ್ಲಿ ಮಿಥೈಲ್ ಯೂಜಿನಾಲ್. ಲಾವಂಚ ಇನ್ನೂ ವಿಚಿತ್ರ: ಉತ್ತರ ಭಾರತದ ಲಾವಂಚದ ಎಣ್ಣೆ ಧ್ರುವೀಕೃತ ಬೆಳಕನ್ನ ಎಡಕ್ಕೆ ತಿರುಗಿಸ್ತದೆ, ದಕ್ಷಿಣದ್ದು ಬಲಕ್ಕೆ. ಪ್ರಯೋಗಾಲಯದಲ್ಲಿ ನೋಡಿದ ತಕ್ಷಣ ಮೂಲ ಗೊತ್ತಾಗ್ತದೆ.

ಶ್ರೀಗಂಧದ್ದು ತಿಂಗಳಲ್ಲ, ವರ್ಷಗಳ ಲೆಕ್ಕ. 2001ರ ಕಾನೂನು ತಿದ್ದುಪಡಿ ಆದಮೇಲೆ ಕರ್ನಾಟಕದಲ್ಲಿ ನಿಮ್ಮ ಹೊಲದ ಗಂಧದ ಮರ ನಿಮ್ಮದೇ. ಆದ್ರೆ ಪರಿಮಳ ಇರೋದು ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ, ಹೊರಗಿನ ಬಿಳಿ ಭಾಗದಲ್ಲಿ ಅಲ್ಲ. ನೀರು, ಗೊಬ್ಬರ ಸುರಿದು ಬೇಗ ದಪ್ಪ ಮಾಡಿದ ಮರದಲ್ಲಿ ಚೇಗೂ ಅಷ್ಟೇ ಬೇಗ ಕಟ್ಟುತ್ತೆ ಅಂತ ತಿಳೀಬೇಡ್ರಿ. ಮರದ ಸುತ್ತಳತೆ ತೋರಿಸಿ ಲಾಭ ಹೇಳೋರು ಬಂದರೆ, ಚೇಗು ಎಷ್ಟು ಅಂತ ಕೇಳ್ರಿ.

ಆಯುರ್ವೇದದವರಿಗೆ ಇದು ಹೊಸದೇನಲ್ಲ. ಎಲೆ, ಬೇರು, ತೊಗಟೆ, ಚೇಗು ಒಂದೊಂದನ್ನೂ ಯಾವ ಋತುವಿನಲ್ಲಿ ತರಬೇಕು ಅಂತ ಚರಕ ಸಂಹಿತೆಯ ಕಲ್ಪಸ್ಥಾನದಲ್ಲೇ ಇದೆ. ಚೇಗಿಗೆ ಹೇಮಂತ ಋತು. ಅದು ಔಷಧಿಯ ಲೆಕ್ಕ, ಭಟ್ಟಿಯ ಲೆಕ್ಕ ಅಲ್ಲ. ಆದರೂ ಗಿಡದ ಹೆಸರೊಂದೇ ಸಾಲದು ಅನ್ನೋ ಮಾತು ಎರಡಕ್ಕೂ ಒಂದೇ.

ಹಾಗಾಗಿ ಸಸಿ ಕೊಳ್ಳೋ ಮೊದಲು ಮೂರು ಕೇಳ್ರಿ: ಯಾವ ತಳಿ? ಯಾವ ತಿಂಗಳ, ಯಾವ ಮಣ್ಣಿನ ಇಳುವರಿ ಹೇಳ್ತಿದ್ದೀರಿ? ಖರೀದಿ ಹುಲ್ಲಿನ ತೂಕಕ್ಕಾ, ಎಣ್ಣೆಯ ಪರೀಕ್ಷಾ ವರದಿಗಾ? ಉತ್ತರ ಕಾಗದದ ಮೇಲೆ ಬರದಿದ್ದರೆ, ಆ ವರ್ಷ ತೊಗರಿನೇ ಹಾಕ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.