ಬೆಲ್ಲದ ವ್ಯಾಪಾರಕ್ಕೆ ಕೃತಕ ಬುದ್ಧಿಮತ್ತೆಯ ಬರವಣಿಗೆ ಸಾಧನಗಳು

ಮಂಡ್ಯ ಸೀಮೆಯ ಆಲೆಮನೆಗಳಲ್ಲಿ ತಯಾರಾಗುವ ಬೆಲ್ಲವು ಬಹುಕಾಲದಿಂದಲೂ ಹೆಚ್ಚಾಗಿ ಮಂಡಿಯ ಮೂಲಕವೇ ಮಾರಾಟವಾಗುತ್ತ ಬಂದಿದೆ. ಮಂಡಿಯಲ್ಲಿ ವರ್ತಕನು ಸರಕನ್ನು ಕಣ್ಣಾರೆ ಕಂಡು, ಮುರಿದು, ರುಚಿ ನೋಡಿ ಬೆಲೆ ಕಟ್ಟುವನಾದುದರಿಂದ ಅಲ್ಲಿ ಬರವಣಿಗೆಗೆ ಕೆಲಸವಿಲ್ಲ. ಈಚಿನ ವರ್ಷಗಳಲ್ಲಾದರೋ ಕೆಲವು ಒಕ್ಕಲು ಕುಟುಂಬಗಳೂ, ರೈತ ಉತ್ಪಾದಕ ಸಂಸ್ಥೆಗಳೂ, ಮಹಿಳಾ ಸ್ವಸಹಾಯ ಸಂಘಗಳೂ ಅಚ್ಚುಬೆಲ್ಲ, ಪುಡಿಬೆಲ್ಲಗಳನ್ನು ಪೊಟ್ಟಣ ಕಟ್ಟಿ ನೇರವಾಗಿ ಗಿರಾಕಿಗಳಿಗೆ ಮಾರತೊಡಗಿವೆ. ಕೇಂದ್ರ ಸರ್ಕಾರದವರು 2020ರಲ್ಲಿ ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿಯೂ ಮಂಡ್ಯ ಜಿಲ್ಲೆಗೆ ಬೆಲ್ಲವನ್ನೇ ಆರಿಸಲಾಗಿದೆ. ದೂರದ ಗಿರಾಕಿಯು ಸರಕನ್ನು ಕಾಣುವುದಕ್ಕೆ ಮುಂಚೆ ಅದರ ವಿವರಣೆಯನ್ನು ಓದುತ್ತಾನೆ. ಆ ವಿವರಣೆಯನ್ನು ಅಲ್ಪ ವೆಚ್ಚದಲ್ಲಿ ಬರೆದುಕೊಡತಕ್ಕ ಸಾಧನಗಳು ಈಗ ಎಲ್ಲರ ಕೈಗೂ ಬಂದಿವೆ. ಅವುಗಳ ಪ್ರಯೋಜನವನ್ನೂ ಅವುಗಳಿಂದುಂಟಾಗಬಹುದಾದ ಅಪಾಯವನ್ನೂ ಇಲ್ಲಿ ವಿವರಿಸಲಾಗಿದೆ.

ಸಾಧನದ ಸ್ವರೂಪ

ಓಪನ್‌ಎಐ ಸಂಸ್ಥೆಯವರು 2022ನೆಯ ನವೆಂಬರ್ ತಿಂಗಳಿನಲ್ಲಿ ಚಾಟ್‌ಜಿಪಿಟಿಯನ್ನು ಹೊರತಂದರು. ಅನಂತರ ಗೂಗಲ್‌ನವರ ಜೆಮಿನಿ, ಮೈಕ್ರೋಸಾಫ್ಟ್‌ನವರ ಕೋಪೈಲಟ್ ಮುಂತಾದವು ಬಂದುವು. ಇವು ಅಪಾರವಾದ ಬರವಣಿಗೆಯನ್ನು ಆಧಾರವಾಗಿಟ್ಟುಕೊಂಡು, ಒಂದು ಮಾತಿನ ಮುಂದೆ ಯಾವ ಮಾತು ಬರುವುದು ಹೆಚ್ಚು ಸಂಭವವೆಂಬುದನ್ನು ಲೆಕ್ಕಹಾಕಿ ವಾಕ್ಯಗಳನ್ನು ಹೊಂದಿಸುತ್ತವೆ. ಅವು ನಿಮ್ಮ ಆಲೆಮನೆಯನ್ನು ಕಂಡಿಲ್ಲ. ನಿಮ್ಮ ಬೆಲ್ಲದ ರುಚಿ ನೋಡಿಲ್ಲ. ಆದುದರಿಂದ ನೀವು ಹೇಳದಿದ್ದ ಸಂಗತಿಯನ್ನು ಅವು ಲೋಕರೂಢಿಯ ಹೊಗಳಿಕೆಯಿಂದ ತುಂಬುತ್ತವೆ. ಈ ಒಂದು ಅಂಶವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದುದೆಲ್ಲವೂ ಸುಲಭವಾಗಿ ತಿಳಿಯುವುದು.

ವೆಚ್ಚ

ಮೇಲೆ ಹೇಳಿದ ಸಾಧನಗಳೆಲ್ಲಕ್ಕೂ ಹಣ ಕೊಡದೆ ಉಪಯೋಗಿಸತಕ್ಕ ಒಂದೊಂದು ಬಗೆ ಉಂಟು. ಚಾಟ್‌ಜಿಪಿಟಿಗೆ ತಿಂಗಳಿಗೆ 399 ರೂಪಾಯಿನ ಒಂದು ಚಂದಾಕ್ರಮವನ್ನು 2025ನೆಯ ಆಗಸ್ಟ್‌ನಲ್ಲಿ ಭಾರತದಲ್ಲಿ ಆರಂಭಿಸಲಾಯಿತು. ಆದರೆ ತಿಂಗಳಿಗೆ ನಾಲ್ಕಾರು ವಿವರಣೆಗಳನ್ನೂ ಹಬ್ಬದ ಕಾಲಕ್ಕೆ ಒಂದೆರಡು ಪ್ರಕಟನೆಗಳನ್ನೂ ಬರೆಯಿಸತಕ್ಕ ಸಣ್ಣ ತಯಾರಕರಿಗೆ ಹಣ ಕೊಡದ ಬಗೆಯೇ ಸಾಕು. ಚಂದಾ ಹಣವನ್ನು ಒಳ್ಳೆಯ ಪೊಟ್ಟಣಕ್ಕೆ ವಿನಿಯೋಗಿಸುವುದು ಮೇಲು.

ಉಪಯೋಗಿಸುವ ಕ್ರಮ

ಮೊದಲು ಒಂದು ಕಾಗದದ ಮೇಲೆ ನಿಮ್ಮ ಸರಕಿನ ನಿಜಸಂಗತಿಗಳನ್ನು ಬರೆದುಕೊಳ್ಳಬೇಕು: ಕಬ್ಬು ಯಾರ ಹೊಲದ್ದು, ಯಾವ ತಿಂಗಳಲ್ಲಿ ಅರೆದದ್ದು, ರಸವನ್ನು ಯಾವುದರಿಂದ ತಿಳಿಮಾಡಿದ್ದು, ಬೆಲ್ಲದ ಬಣ್ಣವೇನು, ಅಚ್ಚಿನ ತೂಕವೆಷ್ಟು, ಬೆಲೆಯೆಷ್ಟು. ಅನಂತರ ಸಾಧನಕ್ಕೆ ಹೀಗೆ ಸೂಚನೆ ಕೊಡಬಹುದು:

“ಕೆಳಗಿನ ಸಂಗತಿಗಳನ್ನು ಮಾತ್ರ ಉಪಯೋಗಿಸಿ ಅಚ್ಚುಬೆಲ್ಲದ ವಿವರಣೆಯನ್ನು ಸರಳ ಕನ್ನಡದಲ್ಲಿ ನಾಲ್ಕು ವಾಕ್ಯಗಳೊಳಗೆ ಬರೆದುಕೊಡು. ನಾನು ಹೇಳದ ಗುಣವನ್ನು ಸೇರಿಸಬೇಡ. ಆರೋಗ್ಯದ ವಿಷಯವಾಗಿ ಏನನ್ನೂ ಹೇಳಬೇಡ. ಸಂಗತಿಗಳು: ನಮ್ಮ ಹೊಲದ ಕಬ್ಬು, ಜನವರಿಯಲ್ಲಿ ಅರೆದದ್ದು, ಬೆಂಡೆಗಿಡದ ಲೋಳೆಯಿಂದಲೂ ಸ್ವಲ್ಪ ಸುಣ್ಣದಿಂದಲೂ ರಸವನ್ನು ತಿಳಿಮಾಡಿದ್ದು, ಹೈಡ್ರೋಸ್ ಹಾಕಿಲ್ಲ, ಕಂದು ಬಣ್ಣ.”

ಬಂದ ಉತ್ತರವನ್ನು ತಿದ್ದಿದ ಬಳಿಕ ಅದು ಹೀಗಿರಬಹುದು:

“ನಮ್ಮ ಹೊಲದ ಕಬ್ಬನ್ನು ಜನವರಿಯಲ್ಲಿ ಅರೆದು ಕಾಯಿಸಿದ ಬೆಲ್ಲ. ರಸವನ್ನು ಬೆಂಡೆಗಿಡದ ಲೋಳೆ ಮತ್ತು ಸ್ವಲ್ಪ ಸುಣ್ಣದಿಂದ ತಿಳಿಮಾಡಿದ್ದೇವೆ. ಹೈಡ್ರೋಸ್ ಹಾಕದಿರುವುದರಿಂದ ಬಣ್ಣ ಕಂದು.”

ಇದರಲ್ಲಿ ಅಲಂಕಾರವಿಲ್ಲ, ಆದರೆ ನೆರೆಯವನು ತನ್ನ ಸರಕಿಗೆ ಇದೇ ಮಾತನ್ನು ಹಾಗೆಯೇ ಅಂಟಿಸಲಾರನು. ಸಂಗತಿಗಳನ್ನು ಕೊಡದೆ “ಬೆಲ್ಲದ ಜಾಹೀರಾತು ಬರೆ” ಎಂದಷ್ಟೇ ಹೇಳಿದವರೆಲ್ಲರಿಗೂ ಹೆಚ್ಚುಕಡಮೆ ಒಂದೇ ಬಗೆಯ ವಾಕ್ಯಗಳು ದೊರೆಯುವುವು.

ಎಚ್ಚರಿಕೆಗಳು

1. ಬಣ್ಣ. ಬೆಲ್ಲವೆಂದೊಡನೆ ಸಾಧನವು “ಹೊಂಬಣ್ಣದ” ಎಂದು ಬರೆದುಬಿಡಬಹುದು. ಹಳದಿ ಬಣ್ಣ ಬರಲೆಂದು ಹಲವು ಕಡೆ ಹೈಡ್ರೋಸನ್ನು ಹಾಕುವುದುಂಟು; ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡು ಹತ್ತು ಲಕ್ಷ ಭಾಗಕ್ಕೆ 70 ಭಾಗವನ್ನು ಮೀರಕೂಡದೆಂಬ ನಿಯಮವಿದೆ. ಹೈಡ್ರೋಸ್ ಹಾಕದ ಬೆಲ್ಲವು ಸಾಮಾನ್ಯವಾಗಿ ಕಂದಾಗಿರುವುದು. ಹೊಂಬಣ್ಣವೆಂದು ಓದಿ ಕಂದುಬೆಲ್ಲವನ್ನು ಪಡೆದ ಗಿರಾಕಿಯು ಒಳ್ಳೆಯ ಸರಕನ್ನೇ ಕೆಟ್ಟದ್ದೆಂದು ಹಿಂದಿರುಗಿಸುವನು.

2. “ರಾಸಾಯನಿಕರಹಿತ” ಮತ್ತು “ಸಾವಯವ”. ಸುಣ್ಣ ಹಾಕಿದ ಮೇಲೆ ರಾಸಾಯನಿಕವೇ ಇಲ್ಲವೆನ್ನುವುದು ಸರಿಯಲ್ಲ. ಹಾಗೆಯೇ ಹೈಡ್ರೋಸ್ ಹಾಕದ ಮಾತ್ರಕ್ಕೆ ಬೆಲ್ಲವು ಸಾವಯವವಾಗದು. ಯೂರಿಯಾ ಹಾಕಿ ಬೆಳೆದ ಕಬ್ಬಿನ ಬೆಲ್ಲ ಸಾವಯವವಲ್ಲ. ಸಾವಯವವೆಂದು ಮಾರುವುದಕ್ಕೆ 2017ರ ಸಾವಯವ ಆಹಾರ ನಿಯಮಗಳ ಪ್ರಕಾರ ಪ್ರಮಾಣೀಕರಣದ ಕ್ರಮವುಂಟು. ಸಾಧನವಾದರೋ ಈ ಮೂರನ್ನೂ ಒಂದೇ ಅರ್ಥದ ಮಾತುಗಳೆಂಬಂತೆ ಬೆರೆಸುವ ಸಂಭವವಿದೆ.

3. ಆರೋಗ್ಯದ ಮಾತು. “ಮಧುಮೇಹಿಗಳೂ ನಿಶ್ಚಿಂತೆಯಿಂದ ತಿನ್ನಬಹುದು”, “ರಕ್ತವನ್ನು ಶುದ್ಧಿಮಾಡುತ್ತದೆ” ಎಂಬಂಥ ವಾಕ್ಯಗಳು ಕಂಡುಬಂದರೆ ಕೂಡಲೆ ಹೊಡೆದುಹಾಕಬೇಕು. ಬೆಲ್ಲದ ಬಹುಭಾಗವು ಸಕ್ಕರೆಯೇ ಆಗಿದೆ. ಇಂಥ ಮಾತನ್ನು ನಂಬಿದ ರೋಗಿಗೆ ಪ್ರಾಣಕ್ಕೇ ಕೇಡು ಬರಬಹುದು. ರೋಗವನ್ನು ಗುಣಪಡಿಸುವುದಾಗಿ ಆಹಾರದ ಜಾಹೀರಾತಿನಲ್ಲಿ ಹೇಳಿಕೊಳ್ಳುವುದನ್ನು 2018ರ ನಿಯಮಗಳು ತಡೆಯುತ್ತವೆ. 2006ರ ಆಹಾರ ಸುರಕ್ಷತಾ ಕಾನೂನಿನ 53ನೆಯ ಪ್ರಕರಣದಂತೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ವಾಕ್ಯವನ್ನು ಯಂತ್ರವು ಬರೆಯಿತೆಂದು ಹೇಳಿ ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುವುದಕ್ಕಾಗದು, ಪ್ರಕಟಿಸಿದವನೇ ಹೊಣೆಗಾರನು.

4. ಭಾಷೆ. ಈ ಸಾಧನಗಳು ಇಂಗ್ಲಿಷ್ ಬರವಣಿಗೆಯನ್ನು ಕಂಡಷ್ಟು ಕನ್ನಡ ಬರವಣಿಗೆಯನ್ನು ಕಂಡಿಲ್ಲ. ಆದುದರಿಂದ ಬಂದ ಬರವಣಿಗೆಯನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದಿ, ಕಿವಿಗೆ ಒಗ್ಗದ ಮಾತಿಗೆ ಬದಲಾಗಿ ಆಲೆಮನೆಯಲ್ಲಿ ಆಡತಕ್ಕ ಮಾತನ್ನೇ ಹಾಕಬೇಕು. ಇಂಗ್ಲಿಷ್ ಅಥವಾ ಹಿಂದಿಗೆ ಭಾಷಾಂತರ ಮಾಡಿಸಿದರೆ ಆ ಭಾಷೆ ಬಲ್ಲವರೊಬ್ಬರಿಗೆ ತೋರಿಸದೆ ಅಚ್ಚುಮಾಡಿಸಕೂಡದು.

5. ಗುಟ್ಟು. ಗಿರಾಕಿಗಳ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಸಾಧನಕ್ಕೆ ಕೊಡತಕ್ಕದ್ದಲ್ಲ. ವಿವರಣೆ ಬರೆಯುವುದಕ್ಕೆ ಅವುಗಳ ಅವಶ್ಯಕತೆಯೇ ಇಲ್ಲ.

ಮುಖ್ಯವಾದ ಮಾತು

ಪೊಟ್ಟಣದ ಮೇಲೆ ಮುದ್ರಿಸತಕ್ಕ ಬರವಣಿಗೆಯನ್ನು ಮೊದಲು ಆಹಾರ ಸುರಕ್ಷತಾ ಅಧಿಕಾರಿಗಳಿಗೆ ತೋರಿಸಿ ಸಲಹೆ ಪಡೆಯುವುದು ಲೇಸು. ಮಳೆಗಾಲದಲ್ಲಿ ಬೆಲ್ಲವು ತೇವವನ್ನು ಹೀರಿ ನೀರೊಡೆಯುವುದಾದ್ದರಿಂದ, ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕೆಂಬ ಒಂದು ಸಾಲನ್ನು ಸೇರಿಸಿದರೆ ಹತ್ತು ಹೊಗಳಿಕೆಗಿಂತ ಅದು ಗಿರಾಕಿಗೆ ಹೆಚ್ಚು ಉಪಯೋಗವಾಗುವುದು. ಬರೆಯುವ ಶ್ರಮವನ್ನು ಯಂತ್ರಕ್ಕೆ ಬಿಡಬಹುದು. ಬರೆದುದು ನಿಜವೇ ಎಂದು ನೋಡುವ ಕೆಲಸವನ್ನು ಬಿಡಲಾಗದು. ಸುಂದರವಾದ ಜಾಹೀರಾತು ಗಿರಾಕಿಯನ್ನು ಒಂದು ಸಲ ಕರೆತರಬಲ್ಲದು. ಪೊಟ್ಟಣವನ್ನು ಬಿಚ್ಚಿದಾಗ ಓದಿದ್ದೂ ಕಂಡದ್ದೂ ಒಂದೇ ಆಗಿದ್ದರೆ ಮಾತ್ರ ಅವನು ಎರಡನೆಯ ಸಲ ಬರುವನು. ಸಣ್ಣ ತಯಾರಕರ ವ್ಯಾಪಾರವು ನಿಂತಿರುವುದು ಈ ಎರಡನೆಯ ಸಲದ ಮೇಲೆಯೇ ಎಂಬುದನ್ನು ಒಕ್ಕಲುಮಕ್ಕಳು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು.