ಸತ್ತ ಬ್ಯಾಟರಿಯ ಸಂಸ್ಕಾರ

ಶಿವಮೊಗ್ಗೆ, ಭದ್ರಾವತಿಗಳ ಅನೇಕ ಮನೆಗಳಲ್ಲಿ ತಂತಿಯಿಲ್ಲದ ಹಳೆಯ ಟೆಲಿಫೋನು, ಕ್ಷೌರಯಂತ್ರ, ಮಕ್ಕಳ ಆಟದ ಬಂಡಿ ಮೊದಲಾದವು ಕೆಟ್ಟು ಕಪಾಟಿನ ಮೂಲೆ ಸೇರಿರುವುದುಂಟು. ಅವುಗಳೊಳಗಿನ ಬ್ಯಾಟರಿ ಎಷ್ಟೋ ವೇಳೆ ನಿಕ್ಕಲ್-ಕ್ಯಾಡ್ಮಿಯಂ ಜಾತಿಯದು. ಅದನ್ನು ಕಸದ ಬುಟ್ಟಿಗೆ ಹಾಕುವ ಮೊದಲು ವಾಚಕರು ನಮ್ಮ ಎರಡು ಮಾತನ್ನು ಕೇಳಬೇಕೆಂದು ಬಿನ್ನಹ.

ಇದನ್ನು 1899ರಲ್ಲಿ ಸ್ವೀಡನ್ ದೇಶದ ವಾಲ್ಡೆಮಾರ್ ಯುಂಗ್ನರ್ ಎಂಬಾತನು ಕಂಡುಹಿಡಿದನು. ಒಂದು ಕಡೆ ನಿಕ್ಕಲ್, ಇನ್ನೊಂದು ಕಡೆ ಕ್ಯಾಡ್ಮಿಯಂ, ನಡುವೆ ಕ್ಷಾರದ್ರವ. ನೂರಾರು ಸಲ ಬರಿದುಮಾಡಿ ಮತ್ತೆ ವಿದ್ಯುತ್ತನ್ನು ತುಂಬಬಹುದು. ಚಳಿಗೂ ಒರಟು ಬಳಕೆಗೂ ಜಗ್ಗದು. ಗುಣವಂತನೇ ಸರಿ! ಆದರೆ ಇದರ ದೋಷವು ಬದುಕಿರುವಾಗ ತೋರದೆ, ಸತ್ತಮೇಲೆ ತೋರುತ್ತದೆ.

ಕ್ಯಾಡ್ಮಿಯಂ ವಿಷಲೋಹ. ಹೊರಗವಚವು ತುಕ್ಕುಹಿಡಿದು ಒಡೆದರೆ ಮಣ್ಣಿಗೂ ನೀರಿಗೂ ಸೇರುತ್ತದೆ. ಕಸದೊಡನೆ ಸುಟ್ಟರೆ ಹೊಗೆಯಲ್ಲಿ ಹರಡುತ್ತದೆ. ಭತ್ತದ ಬೇರು ಇದನ್ನು ಹೀರಿಕೊಳ್ಳಬಲ್ಲದು. ಅನ್ನದ ಮೂಲಕ ದೇಹಕ್ಕೆ ಬಂದದ್ದು ಮೂತ್ರಪಿಂಡಗಳಲ್ಲಿ ಹತ್ತಾರು ವರ್ಷ ನಿಲ್ಲುತ್ತದೆ. ಜಪಾನಿನ ಜಿನ್‌ಜೂ ನದಿಯ ತೀರದಲ್ಲಿ ನಡೆದದ್ದು ಇದೇ. ಅಲ್ಲಿ ಗದ್ದೆಗಳನ್ನು ಸೇರಿದ್ದು ಬ್ಯಾಟರಿಯಲ್ಲ, ಗಣಿಯ ಕೊಳೆನೀರು. ಆದರೆ ವಿಷ ಒಂದೇ. ಬೇಸಾಯದ ಮನೆಗಳ ಹೆಂಗಸರ ಮೂಳೆಗಳು ಮೆದುವಾಗಿ, ಅಲ್ಪ ಪೆಟ್ಟಿಗೂ ಮುರಿಯುವಂತಾದವು. ಅವರ ನರಳಾಟವೇ ರೋಗಕ್ಕೆ 'ಇತಾಯ್-ಇತಾಯ್' ಎಂಬ ಹೆಸರಾಯಿತು. ನಮ್ಮ ಮಾತಿನಲ್ಲಿ 'ಅಯ್ಯೋ ನೋವು, ಅಯ್ಯೋ ನೋವು'. ಕ್ಯಾಡ್ಮಿಯಮ್ಮೇ ಕಾರಣವೆಂದು ಅಲ್ಲಿಯ ಸರ್ಕಾರವು ಒಪ್ಪಿದ್ದು 1968ರಲ್ಲಿ. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗುವುದಕ್ಕೆ ಮುಂಚೆಯೇ ನಮ್ಮ ಎಷ್ಟೋ ಗದ್ದೆಗಳಿಗೆ ನೀರುಣಿಸುತ್ತವೆ. ಜಿನ್‌ಜೂ ದೂರದ ನದಿಯೆಂದು ನಾವು ಸುಮ್ಮನಿರುವಂತಿಲ್ಲ.

ಹಾಗಾದರೆ ಸತ್ತ ಬ್ಯಾಟರಿಯ ಗತಿಯೇನು? ಭದ್ರಾವತಿಯ ಹಿರಿಯರಿಗೆ ಉತ್ತರವು ಸುಲಭವಾಗಿ ಹೊಳೆಯಬೇಕು. ಅಲ್ಲಿಯ ಕಬ್ಬಿಣದ ಕಾರ್ಖಾನೆಯು ಆರಂಭದ ವರ್ಷಗಳಲ್ಲಿ ಕಾಡಿನ ಕಟ್ಟಿಗೆಯನ್ನು ಬಟ್ಟಿಯಿಳಿಸಿ, ಇದ್ದಲನ್ನು ಕುಲುಮೆಗೆ ಇಟ್ಟುಕೊಂಡು, ಆವಿಯನ್ನು ತಣಿಸಿ ಹಿಡಿಯುತ್ತಿತ್ತು. ಕ್ಯಾಡ್ಮಿಯಮ್ಮಿಗೂ ಇದೇ ಉಪಾಯ. ಸುಮಾರು 767 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಕುದಿದು ಆವಿಯಾಗುತ್ತದೆ. ನಿಕ್ಕಲ್ಲೂ ಕಬ್ಬಿಣವೂ ಹಿಂದೆ ಉಳಿಯುತ್ತವೆ. ಹಿಡಿದ ಲೋಹವು ಹೊಸ ಬ್ಯಾಟರಿಗೆ ಒದಗುತ್ತದೆ. ಇದು ಮುಚ್ಚಿದ ಕುಲುಮೆಯ ಕೆಲಸ. ಹಿತ್ತಲ ಬೆಂಕಿಯಲ್ಲಿ ಯಾರೂ ಪ್ರಯತ್ನಿಸಬಾರದು.

ನಮ್ಮ ದೇಶದ 2001ರ ನಿಯಮಗಳು ಸೀಸದ ಬ್ಯಾಟರಿಯನ್ನು ಮಾತ್ರ ಗಣಿಸಿದ್ದವು. 2022ರ ಆಗಸ್ಟಿನಲ್ಲಿ ಬಂದ ನಿಯಮಗಳು ಎಲ್ಲ ಜಾತಿಗಳನ್ನೂ ಒಳಗೊಂಡು, ಹಳೆಯದನ್ನು ಹಿಂಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಬಳಸುವವರೂ ಅದನ್ನು ಇತರ ಕಸದಿಂದ ಬೇರ್ಪಡಿಸಿ ಕೊಡತಕ್ಕದ್ದು. ಗುರುತು ಕಷ್ಟವಲ್ಲ: ಗೀಟು ಹಾಕಿದ ಕಸದ ತೊಟ್ಟಿಯ ಚಿತ್ರವೂ ಅದರ ಕೆಳಗೆ ಸಿ, ಡಿ ಎಂಬ ಇಂಗ್ಲಿಷ್ ಅಕ್ಷರಗಳೂ ಇದ್ದರೆ ಅದೇ ಕ್ಯಾಡ್ಮಿಯಂ. ಒಪ್ಪಿಸುವ ತನಕ ಒಣಗಿದ ಮುಚ್ಚಳದ ಡಬ್ಬಿಯಲ್ಲಿ, ಮಕ್ಕಳ ಕೈಗೆಟುಕದಂತೆ ಇಡಬಹುದು. ಹೊಸದನ್ನು ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ ನಿಕ್ಕಲ್-ಮೆಟಲ್ ಹೈಡ್ರೈಡ್ ಜಾತಿಯದನ್ನು ಅಂಗಡಿಯಲ್ಲಿ ಕೇಳಿ ತರಬಹುದು.