ಆಲಮಟ್ಟಿಗೆ ಬಂದ ಮಾಸ್ತರು

ಆಲಮಟ್ಟಿಗೆ ಹೋಗುವವರು ಈಗ ಅಣೆಕಟ್ಟೆ, ಉದ್ಯಾನ ನೋಡಿಕೊಂಡು ಬರುತ್ತಾರೆ. ಆಗಿನ ಬಾಗೇವಾಡಿ ತಾಲ್ಲೂಕಿನ ಈ ಕೃಷ್ಣೆಯ ದಡಕ್ಕೆ 1927ರಲ್ಲಿ ಹರ್ಡೇಕರ ಮಂಜಪ್ಪನವರು ಬಂದದ್ದು ವಿದ್ಯಾಲಯ ಕಟ್ಟಲು. ಕರ್ನಾಟಕದ ಗಾಂಧಿ ಎಂದು ಅವರ ಭಾವಚಿತ್ರಕ್ಕೆ ಹಾರ ಹಾಕುವ ನಾವು, ಅವರೊಳಗಿನ ಮಾಸ್ತರನ್ನು ಮರೆತೇಬಿಟ್ಟಿದ್ದೇವೆ. ಅದೇ ನನ್ನ ಸಂಕಟ.

1886ರಲ್ಲಿ ಬನವಾಸಿಯಲ್ಲಿ ಹುಟ್ಟಿದ ಮಂಜಪ್ಪನವರು ಶಿರಸಿಯಲ್ಲಿ ಶಾಲಾ ಮಾಸ್ತರಾಗಿದ್ದರು. ಸ್ವದೇಶಿ ಚಳವಳಿ ಎದ್ದಾಗ ನೌಕರಿ ಬಿಟ್ಟು, 1906ರಲ್ಲಿ ದಾವಣಗೆರೆಯಲ್ಲಿ ‘ಧನುರ್ಧಾರಿ’ ಪತ್ರಿಕೆ ಶುರು ಮಾಡಿದರು. 1913ರಲ್ಲಿ ಅಲ್ಲಿಯೇ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದರು. ಮುಂದೆ ಹರಿಹರದಲ್ಲಿ ಆಶ್ರಮ, ಆಮೇಲೆ ಆಲಮಟ್ಟಿ. ಬಸವಣ್ಣನ ಕಾಯಕವೂ ಗಾಂಧೀಜಿಯ ಖಾದಿಯೂ ಅವರಿಗೆ ಬೇರೆಬೇರೆ ಆಗಿರಲಿಲ್ಲ.

ಗಾಂಧೀಜಿ ವಾರ್ಧಾದಲ್ಲಿ ಮೂಲಶಿಕ್ಷಣದ ಸಮ್ಮೇಳನ ಕರೆದದ್ದು 1937ರ ಅಕ್ಟೋಬರಿನಲ್ಲಿ. ಆಲಮಟ್ಟಿ ಅದಕ್ಕಿಂತ ಹತ್ತು ವರ್ಷ ಮುಂದಿತ್ತು! ಆ ಸಮ್ಮೇಳನ ನೇಮಿಸಿದ ಜಾಕಿರ್ ಹುಸೇನ್ ಸಮಿತಿ ಕೈಕೆಲಸದ ಮೂಲಕವೇ ಪಾಠ ನಡೆಯಬೇಕೆಂದಿತು. ನೂಲನ್ನೇ ನೋಡಿ. 840 ಗಜಕ್ಕೆ ಒಂದು ಲಡಿ. ಒಂದು ಪೌಂಡಿಗೆ ಅಂಥ ಇಪ್ಪತ್ತು ಲಡಿ ತೂಗಿದರೆ ಅದು ಇಪ್ಪತ್ತು ನಂಬರಿನ ನೂಲು. ತಾನೇ ನೂತ ಎಳೆಯನ್ನು ಅಳೆದು, ತೂಗಿ, ಭಾಗಿಸಿ ನಂಬರು ಹೇಳುವ ಹುಡುಗನಿಗೆ ಭಾಗಾಕಾರವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಹತ್ತಿ ಬೆಳೆಯುವ ಎರೆಭೂಮಿಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾಠ ಯಾವುದು?

ಅಮೆರಿಕದಲ್ಲಿಯೂ 1930ರ ದಶಕದಲ್ಲಿ ಸುಮಾರು ಮೂವತ್ತು ಪ್ರೌಢಶಾಲೆಗಳು ಕಾಲೇಜು ಪ್ರವೇಶದ ಕಟ್ಟುಪಾಡಿನಿಂದ ಬಿಡುಗಡೆ ಪಡೆದು ತಮ್ಮದೇ ಪಾಠಕ್ರಮ ಮಾಡಿಕೊಂಡವು. ಅಲ್ಲಿನವರು ಅಷ್ಟಕ್ಕೇ ಬಿಡಲಿಲ್ಲ. ಆ ಶಾಲೆಗಳ ಒಬ್ಬೊಬ್ಬ ವಿದ್ಯಾರ್ಥಿಗೂ ಸಾಮಾನ್ಯ ಶಾಲೆಯ ಒಬ್ಬ ಸರಿಜೋಡಿಯನ್ನು ಹುಡುಕಿ, 1,475 ಜೋಡಿಗಳನ್ನು ಕಾಲೇಜಿನವರೆಗೂ ಹಿಂಬಾಲಿಸಿದರು. ಪ್ರಯೋಗದ ಶಾಲೆಯವರು ಹಿಂದೆ ಬೀಳಲಿಲ್ಲ. ಹೆಚ್ಚು ಧೈರ್ಯ ಮಾಡಿದ ಶಾಲೆಗಳ ಮಕ್ಕಳು ಇನ್ನೂ ಮುಂದಿದ್ದರು. ನಾವು ಕಲಿಯಬೇಕಾದದ್ದು ಈ ಹಿಂಬಾಲಿಸುವ ಕೆಲಸವನ್ನು.

ಇಂದು ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆ ತಂದೆ-ತಾಯಿ ಸಾಲ ಮಾಡಿಯಾದರೂ ಮಕ್ಕಳನ್ನು ನವೋದಯ, ಸೈನಿಕ ಶಾಲೆಯ ಕೋಚಿಂಗಿಗೆ ಹಚ್ಚುತ್ತಾರೆ. ಅವರನ್ನು ದೂರಲಾರೆ. ಆದರೆ ಬೇರೆ ಬಗೆಯ ಶಾಲೆಯೊಂದು ಇದೇ ಸೀಮೆಯಲ್ಲಿತ್ತು ಎಂದು ಅವರಿಗೆ ಹೇಳಿದವರು ಯಾರು?

ಮಂಜಪ್ಪನವರು 1947ರ ಜನವರಿ 3ರಂದು ತೀರಿಕೊಂಡರು. ಆಲಮಟ್ಟಿಯಲ್ಲಿ ಅವರ ಹೆಸರಿನ ಪ್ರೌಢಶಾಲೆಯಿದೆ. ಅವರು ಕಟ್ಟಿದ ಆ ಹಳೆಯ ವಿದ್ಯಾಲಯದಲ್ಲಿ ಕಲಿತವರ ಮನೆಗಳಲ್ಲಿ ಪತ್ರವೋ ಪಾಟಿಪುಸ್ತಕವೋ ಉಳಿದಿದ್ದರೆ, ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯವರು ಮುಂದಿನ ಬಸವ ಜಯಂತಿಯೊಳಗೆ ಅವನ್ನು ಕೇಳಿ ತಂದು ಒಂದು ಕಪಾಟಿನಲ್ಲಿಡಲಿ.